ಚೋಮನ ಎತ್ತುಗಳು ಮತ್ತು ತೊರಗಲ್ಲ ನಾಡಿನ ಮಕ್ಕಳು

ಶಿವರಾಮ ಕಾರಂತರ ‘ಚೋಮನ ದುಡಿ’ ಅಚ್ಚಾಗಿ ಹೊರಬಂದುದು 1933ರಲ್ಲಿ. ಶಿರಸಂಗಿಯ ಲಿಂಗರಾಜ ದೇಸಾಯಿಯವರ ಹೆಸರನ್ನು ಹೊತ್ತ ಕಾಲೇಜು ಬೆಳಗಾವಿಯಲ್ಲಿ ಬಾಗಿಲು ತೆರೆದುದೂ ಅದೇ ವರ್ಷ. ಇವೆರಡಕ್ಕೂ ಪರಸ್ಪರ ಸಂಬಂಧವೇನೂ ಇಲ್ಲ. ಆದರೆ ಪುಸ್ತಕವೊಂದು ಮನೆಮನೆಗೆ ಮುಟ್ಟಬೇಕಾದರೆ ಅದನ್ನು ಓದಬಲ್ಲವರು ಮೊದಲು ಸಿದ್ಧರಾಗಬೇಕಷ್ಟೆ. ಕಡಲ ತಡಿಯಲ್ಲಿ ಹುಟ್ಟಿದ ಆ ಕಾದಂಬರಿ ಘಟ್ಟವನ್ನೇರಿ, ಮಲಪ್ರಭೆಯನ್ನು ದಾಟಿ, ತೊರಗಲ್ಲ ನಾಡಿನ ಎರೆಯ ಸೀಮೆಯ ಪ್ರೌಢಶಾಲೆಗಳನ್ನು ಸೇರುವ ಹೊತ್ತಿಗೆ ಇಲ್ಲಿ ಅಂಥ ಓದುಗರ ತಲೆಮಾರುಗಳು ಬೆಳೆದಿದ್ದವು. ಮನೆಯಲ್ಲಿ ಮೊದಲ ಬಾರಿಗೆ ಅಕ್ಷರ ಕಲಿತವರ ಮಕ್ಕಳು ಅವರೊಡನೆ ಕುಳಿತಿದ್ದರು.

ಅಂಥದೊಂದು ಶಾಲೆಯ ಹತ್ತನೆಯ ವರ್ಗಕ್ಕೆ ಕನ್ನಡದ ಗುರುಗಳು ಈ ಕಾದಂಬರಿಯನ್ನು ಪೂರಕ ಓದಿಗೆಂದು ಗೊತ್ತುಮಾಡಿದರು. ಗ್ರಂಥಾಲಯದಲ್ಲಿ ಇದ್ದ ಪ್ರತಿಗಳು ಕೆಲವೇ. ಆದುದರಿಂದ ಒಬ್ಬನು ಎದ್ದು ನಿಂತು ಓದುವುದು, ಉಳಿದವರು ಕೇಳುವುದು ಎಂದು ವ್ಯವಸ್ಥೆಯಾಯಿತು. ಸವದತ್ತಿಯ ಕಡೆಯ ರೈತರ ಮಕ್ಕಳು, ಬೈಲಹೊಂಗಲದ ಅಡತಿ ಅಂಗಡಿಯವರ ಮಕ್ಕಳು, ಸುರೇಬಾನ ಕಟಕೋಳಗಳಿಂದ ಬಂದು ವಸತಿನಿಲಯದಲ್ಲಿ ಉಳಿದವರು, ಊರ ಹೊರಗಿನ ಕೇರಿಯ ಮೂವರು, ಎಲ್ಲರೂ ಅಲ್ಲಿದ್ದರು.

ತೊಡಕು ಹೆಸರಿನಿಂದಲೇ ಆರಂಭವಾಯಿತು. ಈ ಸೀಮೆಯಲ್ಲಿ ‘ದುಡಿ’ ಎಂದರೆ ಕೆಲಸ ಮಾಡು ಎಂದರ್ಥ. ಚೋಮನ ದುಡಿ ಎಂದರೆ ಚೋಮನ ದುಡಿತದ ಕಥೆ ಎಂದೇ ಹುಡುಗರು ತಿಳಿದರು. ಅದು ಕರಾವಳಿಯ ಚಿಕ್ಕದೊಂದು ಚರ್ಮವಾದ್ಯವೆಂದು ಗುರುಗಳು ವಿವರಿಸಿದಾಗ ಎಲ್ಲಮ್ಮನ ಗುಡ್ಡದ ಜೋಗತಿಯರ ಚೌಡಿಕೆಯನ್ನು ಒಬ್ಬನು ನೆನೆದನು. ಹಲಗಿಯೇ ಇರಬೇಕೆಂದು ಇನ್ನೊಬ್ಬನು ವಾದಿಸಿದನು. ಗುರುಗಳು ಮೊದಲಿನ ತಪ್ಪು ಅರ್ಥವನ್ನು ಪೂರ್ತಿಯಾಗಿ ಅಳಿಸಿಹಾಕಲಿಲ್ಲ. ಹಗಲೆಲ್ಲ ಪರರ ಗದ್ದೆಯಲ್ಲಿ ದುಡಿದು ರಾತ್ರಿ ದುಡಿಯನ್ನು ಬಾರಿಸುವವನ ಕಥೆಗೆ ಎರಡೂ ಅರ್ಥಗಳು ಒಪ್ಪುತ್ತವೆ ಎಂದು ಅವರು ಎಣಿಸಿರಬೇಕು.

ಕಥೆ ಮುಂದುವರಿದಂತೆ ನಿಜವಾದ ಚರ್ಚೆ ಎದ್ದುದು ಎತ್ತುಗಳ ವಿಷಯದಲ್ಲಿ. ಚೋಮ ಸಂಕಪ್ಪಯ್ಯನ ಮನೆಯ ಆಳು. ಅವನ ಬಳಿ ತಾನೇ ಸಾಕಿದ ಜೋಡಿ ಎತ್ತುಗಳಿವೆ, ಭೂಮಿ ಇಲ್ಲ. ಒಂದು ತುಂಡು ನೆಲವನ್ನು ಬೇಸಾಯಕ್ಕೆ ಪಡೆಯಬೇಕೆಂಬುದೇ ಅವನ ಬಾಳಿನ ಹಂಬಲ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿದು ಕರಿ ಹರಿಯುವ, ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುವ, ಎಳ್ಳಮಾವಾಸ್ಯೆಗೆ ಗಾಡಿ ಹೂಡಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ ಮನೆಗಳಿಂದ ಬಂದ ಮಕ್ಕಳಿಗೆ ಎತ್ತುಗಳಿದ್ದೂ ಹೊಲವಿಲ್ಲದ ಮನುಷ್ಯನು ಒಂದು ಒಗಟಾಗಿ ತೋರಿದನು. ಎತ್ತಿನ ಮೈಯುಜ್ಜುವ ಚೋಮನನ್ನು ಅವರು ಕೂಡಲೆ ಗುರುತಿಸಿದರು. ಭತ್ತದ ಗದ್ದೆ, ಬಿಡದೆ ಸುರಿಯುವ ಮಳೆ, ಪಂಜುರ್ಲಿ ಭೂತ ಇವೆಲ್ಲ ಅಪರಿಚಿತವಾದರೂ ಅಡ್ಡಿಯಾಗಲಿಲ್ಲ. ಆದರೆ ಒಕ್ಕಲಿಗರ ಹುಡುಗನೊಬ್ಬನು ತಡೆಯಲಾರದೆ ಎದ್ದು ನಿಂತು ಕೇಳಿದನು: “ಸರ, ಎತ್ತು ಎರಡ ಅದಾವ. ಸ್ವಂತ ಹೊಲ ಇಲ್ಲಂದ್ರ ಕೋರಿಗೆ ಹಿಡೀಬೇಕಿತ್ತು, ಇಲ್ಲಾ ಬಾಡಿಗಿ ಗಳೇನರ ಹೊಡೀಬೇಕಿತ್ತು. ಅಂವ ಹಂಗ ಯಾಕ ಕುಂತ?”

ಇದು ದಡ್ಡ ಪ್ರಶ್ನೆಯಲ್ಲ. ವಿಮರ್ಶಕರು ಬಳಸಿ ಸುತ್ತಿ ಮುಟ್ಟುವ ಮರ್ಮವನ್ನು ಹೊಲದಿಂದ ಬಂದ ಹುಡುಗನು ನೆಟ್ಟಗೆ ಹೋಗಿ ಮುಟ್ಟಿದ್ದನು. ಚೋಮನಿಗೆ ಕೊರತೆಯಾದುದು ಹಣವೂ ಅಲ್ಲ, ಎತ್ತೂ ಅಲ್ಲ, ರಟ್ಟೆಯ ಕಸುವೂ ಅಲ್ಲ. ಅವನ ಜಾತಿಯವರು ತಮ್ಮದೆಂದು ಬೇಸಾಯ ಮಾಡಕೂಡದೆಂಬ ಕಟ್ಟು ಅಲ್ಲಿತ್ತು. ಸಂಕಪ್ಪಯ್ಯನ ಮನಸ್ಸು ಕರಗಿದರೂ ಅವನ ತಾಯಿ ಸಂಪ್ರದಾಯದ ಹೆಸರಿನಲ್ಲಿ ತಡೆಯುತ್ತಾಳೆ. ಕೋರು ಕೊಡುವವನಿಗೂ ಹಿಡಿಯುವವನಿಗೂ ನಡುವೆ ಮಾತುಕತೆಯಾದರೂ ಸಾಧ್ಯವಿರಬೇಕು. ಚೋಮನಿಗೆ ಆ ಮಾತುಕತೆಯ ಕಟ್ಟೆಯನ್ನೇರುವ ಅಧಿಕಾರವೇ ಇರಲಿಲ್ಲ.

ಗುರುಗಳು ಇಲ್ಲಿ ಸ್ವಲ್ಪ ಕಾನೂನನ್ನೂ ಹೇಳಿದರು. ಕರ್ನಾಟಕದಲ್ಲಿ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಉಳುತ್ತಿದ್ದ ಗೇಣಿದಾರರು 7ನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿ ಭೂಮಿಯ ಹಕ್ಕು ಪಡೆದರು. ಆ ಕಾಯ್ದೆ ನಲವತ್ತು ವರ್ಷ ಮೊದಲೇ ಬಂದಿದ್ದರೆ ಚೋಮನು ಬದುಕಿಕೊಳ್ಳುತ್ತಿದ್ದನೆಂದು ಹುಡುಗರು ಸಂತೋಷಪಟ್ಟರು. ಚೋಮ ಗೇಣಿದಾರನಲ್ಲವಲ್ಲ, ಅವನು ಬರಿಯ ಆಳು. ಆ ನಮೂನೆಯಲ್ಲಿ ಅವನು ಯಾವ ಹೊಲವನ್ನು ತೋರಿಸಬೇಕಿತ್ತು ಎಂದು ಗುರುಗಳು ಕೇಳಿದಾಗ ವರ್ಗ ಸುಮ್ಮನಾಯಿತು. ಜೀತವನ್ನು ರದ್ದುಗೊಳಿಸಿದ ಕಾಯ್ದೆ 1976ರದು. ಅದು ಆಳನ್ನು ಬಿಡಿಸೀತು, ಅವನ ಎತ್ತುಗಳಿಗೆ ನೆಲವನ್ನು ಕೊಡಲಾರದು.

ಕಿತ್ತೂರಿನ ಕಡೆಯ ಹುಡುಗರಿಗೆ ಮಾತ್ರ ಚೋಮನು ಹಿಡಿಸಲೇ ಇಲ್ಲ. ಅವರು 1824ರ ಕದನವನ್ನು, ಬೈಲಹೊಂಗಲದ ಸೆರೆಯಲ್ಲಿ ಕೊನೆಯುಸಿರೆಳೆದ ಚೆನ್ನಮ್ಮನನ್ನು, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನನ್ನು ಗೀಗೀ ಪದಗಳಲ್ಲಿ ಕೇಳಿ ಬೆಳೆದವರು. ನಾಯಕನೆಂದರೆ ಕೈಯಲ್ಲಿ ಕತ್ತಿಯಿರಬೇಕು. ಮಗ ಚನಿಯ ತೋಟದ ಸಾಲ ತೀರಿಸಹೋಗಿ ಜ್ವರದಿಂದ ಸತ್ತಾಗಲೂ, ಮುಟ್ಟಬಾರದವನೆಂಬ ಕಾರಣಕ್ಕೆ ಯಾರೂ ಎತ್ತದೆ ನೀಲನು ನೀರಿನಲ್ಲಿ ಮುಳುಗಿ ಹೋದಾಗಲೂ ಚೋಮನು ಹೆಂಡ ಕುಡಿದು ದುಡಿ ಬಾರಿಸಿದರೆ ಅದೆಂಥ ಕಥೆ? “ಒಬ್ಬರಿಗೂ ಒಂದ ಏಟ ಹೊಡೀಲಿಲ್ಲ” ಎಂದು ಒಬ್ಬನು ಬೇಸರದಿಂದ ನುಡಿದನು. ರಾಯಣ್ಣನ ಹೊಲವನ್ನು ಪರಕೀಯರು ಕಸಿದುಕೊಂಡರು, ಅವನ ಹಿಂದೆ ಒಂದು ಸೀಮೆಯ ಜನ ನಿಂತರು; ಚೋಮನಿಗೆ ಕಸಿದುಕೊಳ್ಳಲು ಹೊಲವೇ ಇರಲಿಲ್ಲ, ಹಿಂದೆ ನಿಲ್ಲಲು ಒಬ್ಬನೂ ಇರಲಿಲ್ಲ. ಈ ಭೇದವನ್ನು ಗುರುಗಳು ಹೇಳಿದರಾದರೂ ಹುಡುಗರ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಅದೂ ಸರಿಯೆ. ಹದಿನಾರರ ವಯಸ್ಸಿನಲ್ಲಿ ಸೋತವನನ್ನು ಮೆಚ್ಚುವುದು ಸುಲಭವಲ್ಲ.

ಹುಡುಗಿಯರು ಬಹಳ ದಿನ ಮೌನವಾಗಿದ್ದರು. ಬೆಳ್ಳಿ ತೋಟಕ್ಕೆ ಹೋಗುವ, ಅಲ್ಲಿಯ ರೈಟರ್ ಮನ್ವೇಲನ ಕೈಗೆ ಸಿಕ್ಕುವ ಭಾಗ ಬಂದಾಗ ಓದುತ್ತಿದ್ದ ಹುಡುಗನೇ ತಡವರಿಸಿ ಪುಟ ಮಗುಚಿದನು, ಗುರುಗಳೂ ಕಾಣದವರಂತಿದ್ದರು. ಮರುದಿನ ಹುಡುಗಿಯೊಬ್ಬಳು ಎದ್ದು ಒಂದೇ ಮಾತು ಹೇಳಿ ಕುಳಿತಳು: “ಸರ, ಪುಸ್ತಕಕ್ಕ ಚೋಮನ ಹೆಸರ ಇಟ್ಟಾರ. ಸಾಲ ತೀರಿಸಿದಾಕಿ ಬೆಳ್ಳಿ.” ಮಗಳು ತೆತ್ತ ಬೆಲೆಯನ್ನು ತಂದೆ ಕೇಳಲೂ ಇಲ್ಲ, ಕಣ್ಣಾರೆ ಕಂಡ ದಿನ ಅವಳ ಮೇಲೆಯೇ ಸಿಟ್ಟಾದನು ಎಂಬುದು ಆ ಮಾತಿನ ಹಿಂದಿನ ಆಕ್ಷೇಪ. 1975ರಲ್ಲಿ ಬಿ. ವಿ. ಕಾರಂತರು ಈ ಕಥೆಯನ್ನು ಚಲನಚಿತ್ರವಾಗಿಸಿದಾಗ ಅದಕ್ಕೆ ರಾಷ್ಟ್ರದ ಸ್ವರ್ಣಕಮಲವೂ, ಚೋಮನಾಗಿ ನಟಿಸಿದ ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ದೊರೆತವು. ಅಲ್ಲಿಯೂ ನೋಡಿದವರ ನೆನಪಿನಲ್ಲಿ ಹೆಚ್ಚಾಗಿ ಉಳಿದವನು ಚೋಮನೇ. ಆ ಹುಡುಗಿಯ ಲೆಕ್ಕ ಬೇರೆಯಾಗಿತ್ತು.

ಇಷ್ಟೆಲ್ಲ ನಡೆದರೂ ಹಿಂದಿನ ಸಾಲಿನ ಮೂವರು ಬಾಯಿ ಬಿಟ್ಟಿರಲಿಲ್ಲ. ಕಾದಂಬರಿಯಲ್ಲಿ ಚೋಮನ ಜಾತಿಯ ಹೆಸರು ಮತ್ತೆ ಮತ್ತೆ ಬರುತ್ತದೆ. ಗಟ್ಟಿಯಾಗಿ ಓದುವಾಗ ಆ ಶಬ್ದ ಬಂದಾಗಲೆಲ್ಲ ಮುಂದಿನ ಸಾಲಿನ ಒಂದೆರಡು ತಲೆಗಳು ತಮಗರಿವಿಲ್ಲದೆಯೇ ಹಿಂದಕ್ಕೆ ತಿರುಗುತ್ತಿದ್ದವು. ನೋಡಿದವರಲ್ಲಿ ದುರುದ್ದೇಶವಿರಲಿಲ್ಲ, ಮರುಕವೇ ಇತ್ತೆನ್ನಬೇಕು. ಆದರೆ ಮರುಕದ ನೋಟವೂ ಬೆನ್ನಿನ ಮೇಲೆ ಭಾರವಾಗಿ ಕೂಡುತ್ತದೆ. ಒಂದು ದಿನ ಮುಂದಿನ ಬೆಂಚಿನ ಜಾಣ ಹುಡುಗನೊಬ್ಬನು, ಇದೆಲ್ಲ ಕರಾವಳಿಯ ಮಾತೆಂದೂ ಇಲ್ಲಿ 12ನೆಯ ಶತಮಾನದಲ್ಲಿಯೇ ಬಸವಣ್ಣನವರು ಮಾದಾರ ಚೆನ್ನಯ್ಯನನ್ನು ತಂದೆಯ ಸ್ಥಾನದಲ್ಲಿ ನಿಲ್ಲಿಸಿ ಈ ಭೇದವನ್ನು ಮುಗಿಸಿಬಿಟ್ಟರೆಂದೂ ಭಾಷಣದ ಧಾಟಿಯಲ್ಲಿ ಹೇಳಿದನು. ಆಗ ಹಿಂದಿನಿಂದ ಮೆಲುದನಿಯೊಂದು ಕೇಳಿತು: “ಹಂಗಾದ್ರ ನಮ್ಮ ಓಣಿ ಊರ ಹೊರಗ ಯಾಕೈತಿ?”

ಉತ್ತರವನ್ನು ಗುರುಗಳು ಕೊಡಲಿಲ್ಲ. ಕೊಡಲು ಅವಸರಪಡಲಿಲ್ಲವೆಂಬುದೇ ಅವರ ದೊಡ್ಡತನ. ಸಂಜೆ ಆ ಹುಡುಗನನ್ನು ಕರೆದು, “ತಮ್ಮಾ, ಪುಸ್ತಕ ಹೆಂಗನಿಸ್ತು?” ಎಂದು ಕೇಳಿದರು. ಅವನು ತನಗೆ ಪುಸ್ತಕ ಸೇರಲಿಲ್ಲವೆಂದನು. ಸುಳ್ಳು ಬರೆದಿದ್ದಾರೆಂದಲ್ಲ, ಅದರಲ್ಲಿರುವುದು ಅವನಿಗೆ ಹೊಸದಾಗಿರಲಿಲ್ಲ. ಮನೆಯಲ್ಲಿ ಅಜ್ಜಿ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದ ಸಂಗತಿಯನ್ನು ಊರ ಮಂದಿಯ ಮುಂದೆ ಇನ್ನೊಬ್ಬರು ಎದ್ದು ನಿಂತು ಓದಿದಂತೆ ಆಯಿತು, ಅಷ್ಟೆ. ಮರುದಿನದಿಂದ ಗಟ್ಟಿಯಾಗಿ ಓದುವುದು ನಿಂತಿತು. ಗುರುಗಳು ತಮ್ಮ ಖರ್ಚಿನಿಂದ ಇನ್ನಷ್ಟು ಪ್ರತಿಗಳನ್ನು ತರಿಸಿದರು. ಇಬ್ಬಿಬ್ಬರಿಗೆ ಒಂದರಂತೆ ಹಂಚಿ ಮೌನವಾಗಿ ಓದಿಸಿದರು. ಮೂವರಲ್ಲಿ ಇನ್ನೊಬ್ಬನಿಗೆ ಅದೇ ಪುಸ್ತಕ ಬಹಳ ಪ್ರಿಯವಾಯಿತೆಂಬುದನ್ನೂ ಹೇಳಬೇಕು. ತನ್ನವರ ಬಾಳು ಅಚ್ಚಿನಲ್ಲಿ ಬರಬಲ್ಲುದೆಂದು ಅವನಿಗೆ ಮೊದಲು ತಿಳಿದುದು ಅದರಿಂದಲೇ. ಒಂದೇ ಕೇರಿಯ, ಒಂದೇ ಬೆಂಚಿನ ಇಬ್ಬರಿಗೆ ಒಂದೇ ಪುಸ್ತಕ ಎರಡು ಬಗೆಯಾಯಿತು. ಇವರಲ್ಲಿ ಯಾರು ಸರಿಯಾಗಿ ಓದಿದರೆಂದು ತೀರ್ಪು ಕೊಡಲು ಹೊರಡುವವನು ತಾನು ಹೇಗೆ ಓದಿದನೆಂದು ಮೊದಲು ನೋಡಿಕೊಳ್ಳಬೇಕು.

ಪರೀಕ್ಷೆಯಲ್ಲಿ ‘ಚೋಮನ ಪಾತ್ರವನ್ನು ಚಿತ್ರಿಸಿರಿ’ ಎಂಬ ಪ್ರಶ್ನೆ ಬಂದಿತು. ಬಹುಮಂದಿ ಮಾರ್ಗದರ್ಶಿಯಲ್ಲಿದ್ದ ಉತ್ತರವನ್ನು ಬರೆದರು; ಕಿತ್ತೂರಿನ ಹುಡುಗರೂ ಚೋಮನನ್ನು ಹೊಗಳಿ ಅಂಕ ಪಡೆದರು.

ಕೋರಿನ ಪ್ರಶ್ನೆ ಕೇಳಿದ ಒಕ್ಕಲಿಗರ ಹುಡುಗನು ಮಾತ್ರ ಬೇರೊಂದು ಸಂಗತಿಯನ್ನು ಬರೆದಿದ್ದನು. ತಮ್ಮ ಹೊಲದಲ್ಲಿ ಗಳೆ ಹೊಡೆಯುತ್ತಿದ್ದವರು ಯಾರೆಂದು ಅವನು ರಜೆಯಲ್ಲಿ ಅಜ್ಜನನ್ನು ಕೇಳಿದ್ದನಂತೆ. ವರ್ಷದ ಆಳೊಬ್ಬನು ಬಹುಕಾಲ ದುಡಿದನೆಂದೂ, ಅವನಿಗೆ ಜೋಳ, ಒಂದು ಕಂಬಳಿ, ಒಂದು ಜೊತೆ ಕೆರವು ಕೊಡುತ್ತಿದ್ದರೆಂದೂ ಅಜ್ಜ ಹೇಳಿದನು. ಅವನು ಎಂದಾದರೂ ಹೊಲ ಕೇಳಿದ್ದನೆ ಎಂದು ಮೊಮ್ಮಗನು ಮತ್ತೆ ಕೇಳಿದಾಗ ಅಜ್ಜ ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತ ಕುಳಿತು, “ಕೇಳಿದ್ದ” ಎಂದನು.