ಎಂಟು ಡಿಗ್ರಿಯ ಸುತ್ತು

ಬೆಟಗೇರಿಯ ನಮ್ಮ ಮನೆಯಲ್ಲಿ ಬ್ಯಾಟರಿಯಿಂದ ಓಡುವ ಹಳೆಯ ರೆಕಾರ್ಡ್ ಪ್ಲೇಯರ್ ಇದೆ. ಈಗ ಅದರ ಮೇಲೆ ಹಾಡಿಗಿಂತ ಕ್ಯಾಮೆರಾ ತಿರುಗುವುದೇ ಹೆಚ್ಚು. ತಟ್ಟೆಯ ಮೇಲೊಂದು ಹಲಗೆ, ಹಲಗೆಯ ಮೇಲೆ ಫೋನು ಬೋರಲು. ಲೆನ್ಸು ಸರಿಯಾಗಿ ನಡುಗೂಟದ ನೇರಕ್ಕೆ ಬರಬೇಕು. ಭಾರ ಒಂದೇ ಮಗ್ಗುಲಿಗೆ ಬೀಳದಂತೆ ಎದುರಿಗೆ ತಕ್ಕಡಿಯ ಬಟ್ಟೊಂದನ್ನು ಇಡುತ್ತೇನೆ.

ತಟ್ಟೆ ನಿಮಿಷಕ್ಕೆ 33⅓ ಸುತ್ತು, ವಿಡಿಯೊ ಸೆಕೆಂಡಿಗೆ 25 ಚಿತ್ರ. ಲೆಕ್ಕ ಹಾಕಿ: ಒಂದು ಸುತ್ತಿಗೆ 45 ಚಿತ್ರ, ಒಂದೊಂದಕ್ಕೂ ಬರೋಬ್ಬರಿ 8 ಡಿಗ್ರಿ. ಹಾಡಿಗೆಂದು ಗೊತ್ತುಮಾಡಿದ ವೇಗ ಚಿತ್ರಕ್ಕೂ ಇಷ್ಟು ಚೊಕ್ಕವಾಗಿ ಕೂಡಿಬಂದದ್ದು ನನಗೆ ಇವತ್ತಿಗೂ ಸೋಜಿಗ.

ನಮ್ಮದು ಜಂತಿಯ ಮನೆ. ತಟ್ಟೆ ತಿರುಗುವಾಗ ನಡುವಿನ ಬೆಳಕಿಂಡಿ ಇದ್ದಲ್ಲೇ ಇರುತ್ತದೆ, ಸುತ್ತಲಿನ ಜಂತಿಗಳು ಕರಗಿ ಬಳೆಗಳಾಗುತ್ತವೆ. ಶಟರ್ ಸೆಕೆಂಡಿನ ಐವತ್ತನೇ ಒಂದು ಪಾಲು ತೆರೆದಿದ್ದರೂ ಅಷ್ಟರಲ್ಲೇ 4 ಡಿಗ್ರಿ ಸರಿದಿರುತ್ತದಲ್ಲ, ಅದಕ್ಕೇ. ಸಾವಿರದ ಒಂದು ಪಾಲಿಗೆ ಇಳಿಸಿದರೆ ಗೆದ್ದಲು ಹರಿದ ಗೆರೆಯೂ ನಿಚ್ಚಳ. ಫೋನು ತಾನಾಗಿ ಅಲುಗಾಟ ತಿದ್ದುವ ಏರ್ಪಾಟನ್ನು ಮಾತ್ರ ಮೊದಲೇ ಆರಿಸಿಡಬೇಕು.

ನಿಜವಾದ ರುಚಿ ಆಮೇಲಿನದು. ಎಡಿಟಿಂಗ್‌ನಲ್ಲಿ ಎಂಟೆಂಟು ಡಿಗ್ರಿ ಹೆಚ್ಚಿಸುತ್ತ ಒಂದೊಂದೇ ಚಿತ್ರವನ್ನು ಹಿಂದಕ್ಕೆ ತಿರುಗಿಸಿದರೆ ಮನೆ ಗಪ್ಪನೆ ನಿಂತುಬಿಡುತ್ತದೆ, ಚಿತ್ರದ ಅಂಚುಗಳೇ ಗರಗರ ಸುತ್ತತೊಡಗುತ್ತವೆ. ಪಕ್ಕದ ಮನೆಯ ನೇಕಾರ ಕಾಕಾ ನೋಡಿ, "ಮನಿ ನಿಂತೈತಿ, ಚೌಕಟ್ಟ ತಿರಗಾಕತ್ತೈತಲ್ಲೋ ತಮ್ಮಾ!" ಎಂದು ಮತ್ತೆ ಮತ್ತೆ ಹಾಕಿಸಿಕೊಂಡರು. ಎಳೆ ಸರಿದದ್ದನ್ನು ದಿನವಿಡೀ ಹಿಡಿಯುವ ಕಣ್ಣು ಅದು, ಯಾರೂ ಹೇಳಿಕೊಡಬೇಕಾಗಲಿಲ್ಲ.

ಕೆನಡಾದ ಮೈಕೆಲ್ ಸ್ನೋ ಕ್ವಿಬೆಕ್‌ನ ನಿರ್ಜನ ಬೆಟ್ಟದಲ್ಲಿ, ಎಲ್ಲ ದಿಕ್ಕಿಗೂ ತಿರುಗುವ ಯಂತ್ರಕ್ಕೆ ಕ್ಯಾಮೆರಾ ಕಟ್ಟಿ ಮೂರು ಗಂಟೆಯ ‘ಲಾ ರೆಜಿಯೋನ್ ಸೆಂತ್ರಾಲ್’ ಸಿನಿಮಾ ಮಾಡಿದ್ದು 1971ರಲ್ಲಿ. ನಮಗೆ ಕಪ್ಪತಗುಡ್ಡವಿದೆ. ಗಾಳಿಯಂತ್ರಗಳು ಕಾಣುವ ಕಡೆ ಪ್ಲೇಯರ್ ಇಟ್ಟು, ಫೋನನ್ನು ಅಡ್ಡವಾಗಿ ನಿಲ್ಲಿಸಿ ತಿರುಗಿಸಿದರೆ ಕಂಬಗಳು ವಾಲುತ್ತವೆ. ಕ್ಯಾಮೆರಾ ಇಡೀ ಚಿತ್ರವನ್ನು ಒಮ್ಮೆಲೇ ಹಿಡಿಯುವುದಿಲ್ಲ, ಸಾಲುಸಾಲಾಗಿ ಓದುತ್ತದೆ. ಕೊನೆಯ ಸಾಲು ಮುಟ್ಟುವಷ್ಟರಲ್ಲಿ ಕಂಬ ಜರುಗಿರುತ್ತದೆ. 78ರ ವೇಗಕ್ಕೆ ಏರಿಸಿದರೆ ವಾಲು ಇಮ್ಮಡಿಗೂ ಮಿಕ್ಕಿ. ಫೋನನ್ನು ಉದ್ದಕ್ಕೆ ನಿಲ್ಲಿಸಿದಾಗ ವಾಲುವುದಿಲ್ಲ. ಸಾಲು ಓದುವ ದಿಕ್ಕಿಗೂ ತಿರುಗುವ ದಿಕ್ಕಿಗೂ ಇರುವ ಸಂಬಂಧ ನೋಡಿಕೊಂಡು ಕಂಬ ದಪ್ಪವಾಗುತ್ತದೆ, ಇಲ್ಲವೇ ಸಪೂರವಾಗುತ್ತದೆ. ತಟ್ಟೆ ತಿರುಗುವುದು ಒಂದೇ ಕಡೆಗೆ. ಹಾಗಾಗಿ ಸಪೂರದ್ದನ್ನು ಹಿಡಿದಾದ ಮೇಲೆ ದಪ್ಪದ್ದಕ್ಕೆ ಫೋನನ್ನೇ ತಲೆಕೆಳಗು ಮಾಡಿ ನಿಲ್ಲಿಸುತ್ತೇನೆ.