ನಮ್ಮ ಗೂಳಿಗಳ ಜಮಾ-ಖರ್ಚು

ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಜರ್ ಬರೆದ ಕೈ ನನ್ನದು. ನಿವೃತ್ತಿಯಾದ ಮೇಲೂ ಅದು ಸುಮ್ಮನಿರುವುದಿಲ್ಲ. ಹಾಲಿನ ಲೆಕ್ಕ, ಕರೆಂಟ್ ಬಿಲ್ಲಿನ ಲೆಕ್ಕ ಬರೆದ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಪ್ರೊ ಕಬಡ್ಡಿಯ ಲೆಕ್ಕವನ್ನೂ ಇಡುತ್ತೇನೆ. 2024ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನಡೆದ ಹನ್ನೊಂದನೇ ಸೀಸನ್ನಿನಲ್ಲಿ ನಮ್ಮ ಬೆಂಗಳೂರು ಬುಲ್ಸ್ ಲೆಕ್ಕ ಹೀಗಿದೆ: ಆಡಿದ್ದು 22, ಗೆದ್ದದ್ದು 2, ಸಮ 1, ಸೋತದ್ದು 19. ಹನ್ನೆರಡು ತಂಡಗಳಲ್ಲಿ ಹನ್ನೆರಡನೇ ಸ್ಥಾನ. ಇಂಥ ಖಾತೆಗೆ ಯಾವ ಬ್ಯಾಂಕೂ ಸಾಲ ಕೊಡಲಿಕ್ಕಿಲ್ಲ!

ನಮ್ಮ ಮಿಶ್ರಿಕೋಟಿಯ ಮನೆಯಲ್ಲಿ ರಾತ್ರಿ ಟಿವಿ ಮುಂದೆ ಕೂಡುವವರು ನಾನು ಮತ್ತು ನನ್ನ ಮೊಮ್ಮಗಳು. ನನ್ನ ಹೆಂಡತಿ ಒಳಗಿನಿಂದಲೇ ಕೇಳುತ್ತಿದ್ದಳು: "ಏನ್ರೀ, ನಿಮ್ಮ ಗೂಳಿಗಳು ಇವತ್ತೂ ಮೇವು ತಿನ್ನಾಕ ಹೋಗ್ಯಾವೇನು?" ಉತ್ತರ ಕೊಡಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ.

ಮಕ್ಕಳೇ, ನಮ್ಮ ಗೂಳಿಗಳು ಯಾವಾಗಲೂ ಹೀಗಿರಲಿಲ್ಲ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಇದ್ದ ಎಂಟು ತಂಡಗಳಲ್ಲಿ ಬುಲ್ಸ್ ಕೂಡ ಒಂದು. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಆರನೇ ಸೀಸನ್ನಿನ ಫೈನಲ್ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೊದಲ ಅರ್ಧದಲ್ಲಿ ಗುಜರಾತ್ ತಂಡ ಮುಂದಿತ್ತು. ಆಮೇಲೆ ಪವನ್ ಸೆಹ್ರಾವತ್ ಎಂಬ ಹುಡುಗ ಒಬ್ಬನೇ 22 ಅಂಕ ತಂದ. 38-33ರಿಂದ ನಾವು ಚಾಂಪಿಯನ್ನರಾದೆವು. ಅದೇ ಪವನ್ ಹನ್ನೊಂದನೇ ಸೀಸನ್ನಿನಲ್ಲಿ ತೆಲುಗು ಟೈಟನ್ಸ್ ನಾಯಕನಾಗಿದ್ದ. ಮೊದಲ ಪಂದ್ಯವೇ ಹೈದರಾಬಾದಿನಲ್ಲಿ ಅವನ ತಂಡದ ವಿರುದ್ಧ. 37-29ರಿಂದ ಸೋತೆವು. ನಮ್ಮ ಮನೆಯ ದನ ಬೇರೆಯವರ ಕೊಟ್ಟಿಗೆಯಲ್ಲಿ ಹಾಲು ಕೊಟ್ಟಂತಾಯಿತು!

ನಮ್ಮ ಆಸೆಯೆಲ್ಲ ಪರ್ದೀಪ್ ನರ್ವಾಲ್ ಮೇಲಿತ್ತು. 2015ರಲ್ಲಿ ಅವನು ಪ್ರೊ ಕಬಡ್ಡಿಗೆ ಕಾಲಿಟ್ಟದ್ದೇ ಬುಲ್ಸ್‌ನಿಂದ. ಆಮೇಲೆ ಪಟ್ನಾಕ್ಕೆ ಹೋಗಿ ಮೂರು ಸಲ ಪ್ರಶಸ್ತಿ ಗೆದ್ದ. ಹಿಡಿಯಲು ಬಂದವರ ಕೈಗಳ ಕೆಳಗೆ ತಲೆ ತಗ್ಗಿಸಿ ನುಸುಳುವ 'ಡುಬ್ಕಿ'ಗೆ ಅವನೇ ರಾಜ. 2021ರ ಹರಾಜಿನಲ್ಲಿ ಯು.ಪಿ. ಯೋಧಾ ತಂಡ ಅವನಿಗೆ 1 ಕೋಟಿ 65 ಲಕ್ಷ ಕೊಟ್ಟಿತ್ತು. 2024ರಲ್ಲಿ ಬುಲ್ಸ್ 70 ಲಕ್ಷಕ್ಕೆ ಮರಳಿ ಕರೆತಂದರು. ಬ್ಯಾಂಕಿನವನಾದ ನನಗೆ ಒಳ್ಳೆಯ ವ್ಯಾಪಾರ ಅನಿಸಿತ್ತು. ಆದರೆ ಕಾಲು-ಮೊಣಕಾಲುಗಳಿಗೂ ಸವಕಳಿ ಅಂತ ಒಂದಿರುತ್ತದಲ್ಲ! ನನ್ನ ಮೊಣಕಾಲು ಅದನ್ನು ದಿನಾ ಹೇಳುತ್ತದೆ. ಮೇಲಾಗಿ ಕಬಡ್ಡಿ ಏಳು ಜನರ ಆಟ. ರೇಡ್ ಮಾಡುವವನು ಅಂಕ ತರದಿದ್ದರೆ ಹಿಡಿಯುವವರ ಮೇಲೆ ಭಾರ. ಹಿಡಿಯುವವರು ಅವಸರ ಮಾಡಿದರೆ ಅಂಗಳವೇ ಖಾಲಿ. ನಮ್ಮವರಿಗೆ ಎರಡೂ ಆಯಿತು.

ಇನ್ನೊಂದು ಕೊರಗೂ ಇದೆ. ಆ ಸೀಸನ್ ನಡೆದದ್ದು ಹೈದರಾಬಾದ್, ನೊಯಿಡಾ, ಪುಣೆಗಳಲ್ಲಿ ಮಾತ್ರ. ಬೆಂಗಳೂರಿನಲ್ಲಿ ಒಂದು ಪಂದ್ಯವೂ ಇರಲಿಲ್ಲ. ಕೊರೊನಾ ಕಾಲದ ಎಂಟನೇ ಸೀಸನ್ನಿನಲ್ಲಿ ಇಡೀ ಪಂದ್ಯಾವಳಿ ಬೆಂಗಳೂರಿಗೇ ಬಂದಿತ್ತು, ಆದರೆ ಆಗ ಪ್ರೇಕ್ಷಕರನ್ನು ಒಳಗೆ ಬಿಡಲಿಲ್ಲ. ಊಟ ಇದ್ದಾಗ ಹಸಿವಿಲ್ಲ, ಹಸಿವಿದ್ದಾಗ ಊಟವಿಲ್ಲ.

ನನ್ನ ಮೊಮ್ಮಗಳ ವಿಷಯ ಹೇಳಬೇಕು. ಎಂಟನೇ ತರಗತಿಯಲ್ಲಿದ್ದ ಅವಳು ಶಾಲೆಯ ಕಬಡ್ಡಿ ತಂಡದಲ್ಲಿ ಆಡುತ್ತಿದ್ದಳು. ಆ ವರ್ಷದ ಆಗಸ್ಟ್‌ನಲ್ಲಿ ತಾಲ್ಲೂಕು ಮಟ್ಟದ ಮೊದಲ ಸುತ್ತಿನಲ್ಲೇ ಇವರ ತಂಡ ದೊಡ್ಡ ಅಂತರದಿಂದ ಸೋತಿತು. ಮನೆಗೆ ಬಂದವಳೇ, "ಇನ್ನ ನಾ ಆಡಂಗಿಲ್ಲಜ್ಜಾ" ಎಂದು ಮೊಣಕಾಲಿಗೆ ಕಟ್ಟುವ ಪಟ್ಟಿಯನ್ನು ಕಪಾಟಿನೊಳಗೆ ಒಗೆದಳು. ಅವಳ ತಾಯಿಗೂ ಅದು ಸರಿಯೆನಿಸಿತು. ಓದುವ ಹುಡುಗಿ, ಇನ್ನೆರಡು ವರ್ಷಕ್ಕೆ ಎಸ್ಸೆಸ್ಸೆಲ್ಸಿ, ಆಟ ಸಾಕು ಅಂತ. ನಾನು ಏನೂ ಅನ್ನಲಿಲ್ಲ. ಅಕ್ಟೋಬರ್ ಬಂತು, ಅವಳು ಸುಮ್ಮನೆ ನನ್ನ ಪಕ್ಕ ಕುಳಿತು ಪಂದ್ಯ ನೋಡತೊಡಗಿದಳು.

ನಮ್ಮವರು ಸೋಲುತ್ತಲೇ ಹೋದರು. ಆಗ ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೆ ಪಟ್ಟಿಯಲ್ಲಿ ಒಂದು ಅಂಕ ಸಿಗುತ್ತಿತ್ತು. ಕೊನೇ ನಿಮಿಷದಲ್ಲಿ ಆ ಒಂದಕ್ಕಾಗಿ ಹೋರಾಡುವುದನ್ನು ನಾವಿಬ್ಬರೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಒಂದು ರಾತ್ರಿ ಅವಳು ಕೇಳಿದಳು: "ಅಜ್ಜಾ, ಇಷ್ಟ ಸಲ ಸೋತವ್ರು ಮತ್ತ ತೊಡಿ ತಟ್ಟಿ ಬರತಾರಲ್ಲ, ನಾಚಿಕಿ ಆಗಂಗಿಲ್ಲೇನು ಅವರಿಗೆ?"

"ಆಗತದವ್ವಾ. ಆದ್ರೂ ಬರತಾರ" ಎಂದೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ.

ಕಬಡ್ಡಿಯಲ್ಲಿ ನನಗೆ ಬಹಳ ಹಿಡಿಸುವ ನಿಯಮ ಒಂದಿದೆ. ಕ್ರಿಕೆಟ್ಟಿನಲ್ಲಿ ಔಟಾದವನು ಪೆವಿಲಿಯನ್ನಿಗೆ ಹೋದರೆ ಆ ಸರದಿ ಮುಗಿಯಿತು. ಕಬಡ್ಡಿಯಲ್ಲಿ ಹಾಗಲ್ಲ. ಔಟಾದವನು ಹೊರಗೆ ಕುಳಿತಿರುತ್ತಾನೆ. ಅವನ ಗೆಳೆಯ ಎದುರಾಳಿಯೊಬ್ಬನನ್ನು ಔಟ್ ಮಾಡಿದ ಕೂಡಲೇ ಎದ್ದು ಒಳಗೆ ಬರುತ್ತಾನೆ. ಸುಗ್ಗಿ ಮುಗಿದ ಮೇಲೆ ಕಣದಲ್ಲಿ ನಾವು ಹುಡುಗರು ಆಡುವಾಗಲೂ ಇದೇ ನಿಯಮ. ಯಾರನ್ನು ಬದುಕಿಸಿಕೊಂಡೆವು ಎಂಬುದೇ ಆಗ ನಮ್ಮ ದೊಡ್ಡ ಹೆಮ್ಮೆ.

ಸಂಕ್ರಾಂತಿ ಮುಗಿದ ಮೇಲೆ ಒಂದು ಬೆಳಿಗ್ಗೆ ಕಪಾಟಿನೊಳಗಿನ ಆ ಪಟ್ಟಿ ಕಾಣಲಿಲ್ಲ. ಮೊಮ್ಮಗಳೂ ಮನೆಯಲ್ಲಿರಲಿಲ್ಲ. ಶಾಲೆಯ ಮೈದಾನಕ್ಕೆ ಹೋಗಿದ್ದಳು. ಅವಳ ತಾಯಿಗೆ ನಾನು ಕಾರ್ಕಳ ಹತ್ತಿರದ ಹೆರ್ಮುಂಡೆಯ ಮಮತಾ ಪೂಜಾರಿಯ ವಿಷಯ ಹೇಳಿದೆ. ಹಳ್ಳಿಯಿಂದ ಹೋದ ಆ ಹೆಣ್ಣುಮಗಳು 2012ರಲ್ಲಿ ಪಟ್ನಾದ ಮಹಿಳಾ ವಿಶ್ವಕಪ್ಪಿನಲ್ಲಿ ಭಾರತದ ನಾಯಕಿಯಾಗಿ ಕಪ್ ಗೆದ್ದಳು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದಳು. ಸೊಸೆ ಸ್ವಲ್ಪ ಯೋಚಿಸಿ, "ಮಧ್ಯವಾರ್ಷಿಕ ಪರೀಕ್ಷೆವರೆಗೂ ನೋಡೋಣ್ರಿ ಮಾವಾರ, ಮಾರ್ಕ್ಸ್ ಇಳಿದ್ರ ಆಟ ಬಂದ್" ಎಂದಳು. ಷರತ್ತಿನ ಸಾಲವಾದರೂ ಮಂಜೂರಾಯಿತಲ್ಲ!

ಆ ಸೀಸನ್ನಿನ ನಂತರ ಬುಲ್ಸ್‌ನಲ್ಲೂ ಬದಲಾವಣೆಯಾಯಿತು. ಮೊದಲ ಸೀಸನ್ನಿನಿಂದ ಇದ್ದ ಕೋಚ್ ರಣಧೀರ್ ಸಿಂಗ್ ಸೆಹ್ರಾವತ್ ಜಾಗಕ್ಕೆ ನಮ್ಮ ಕನ್ನಡಿಗರೇ ಆದ ಬಿ.ಸಿ. ರಮೇಶ್ ಬಂದರು. 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರಲ್ಲಿ ಪುಣೇರಿ ಪಲ್ಟನ್ ಅವರ ಕೈಕೆಳಗೆ ಚಾಂಪಿಯನ್ ಆದವು. ಆಗ ಹರಾಜು ಇನ್ನೂ ಬಾಕಿ ಇತ್ತು. ನನ್ನ ಆಸೆಗಳು ಮೂರು: ಒಬ್ಬ ದೊಡ್ಡ ಹೆಸರಿನ ಬದಲು ನಾಲ್ಕು ಗಟ್ಟಿ ಹಿಡಿತದ ಹುಡುಗರು ಬರಲಿ, ಅವರಲ್ಲಿ ಕರ್ನಾಟಕದವರೂ ಇರಲಿ, ಒಂದೆರಡು ಪಂದ್ಯವಾದರೂ ಬೆಂಗಳೂರಿನಲ್ಲಿ ನಡೆಯಲಿ. ನಡೆದರೆ ಮೊಮ್ಮಗಳನ್ನು ಕರೆದುಕೊಂಡು ಹುಬ್ಬಳ್ಳಿಯಿಂದ ರಾತ್ರಿ ರೈಲು ಹತ್ತುವುದೇ ಸೈ.

ಹರಿಯಾಣ ಸ್ಟೀಲರ್ಸ್ 2024ರ ಮಾರ್ಚ್‌ನಲ್ಲಿ ಫೈನಲ್ ಸೋತು, ಅದೇ ಡಿಸೆಂಬರ್‌ನಲ್ಲಿ ಕಪ್ ಎತ್ತಿತು. ಕೊನೆಯ ಸ್ಥಾನದಿಂದ ಮೇಲೇರಲು ನಮಗೆ ಇನ್ನೂ ಸ್ವಲ್ಪ ಕಾಲ ಬೇಕಾದೀತು ಎಂದು ಆಗ ಅನಿಸಿತ್ತು. ಬೇಕಾಗಲಿ. ಎಪ್ಪತ್ತು ದಾಟಿದವನಿಗೆ ಮುಂದಿನ ಸೀಸನ್ ಅಂತ ಕಾಯುವುದಕ್ಕೆ ಒಂದು ಇರುವುದೇ ದೊಡ್ಡ ಜಮೆ. ಮಕ್ಕಳೇ, ನಿಮ್ಮ ಮನೆಯ ಅಜ್ಜನನ್ನೋ ಅಜ್ಜಿಯನ್ನೋ ಪಕ್ಕಕ್ಕೆ ಕೂಡಿಸಿಕೊಂಡು ಒಂದು ಪಂದ್ಯ ನೋಡಿ. ಸೋಲುವ ತಂಡವಾದರೂ ಅಡ್ಡಿಯಿಲ್ಲ, ಮಾತಾಡುವುದಕ್ಕೆ ಅದರಲ್ಲೇ ಹೆಚ್ಚು ಸಿಗುತ್ತದೆ.