ಮಳಖೇಡದ ಚುಕ್ಕಿ

ಪಿಯುಸಿ ಮೊದಲ ವರ್ಷದ ಅಕ್ಕನ ಮಗಳು ಮೊನ್ನೆ ಕ್ಯಾಲ್ಕುಲೇಟರನ್ನು ಮೇಜಿನ ಮೇಲೆ ಕುಕ್ಕಿ, “ನೋಡು ಮಾವ, ಒಂದನ್ನ ಸೊನ್ನೆಯಿಂದ ಭಾಗಿಸು ಅಂದ್ರೆ ಎರರ್ ಅಂತ ಕೂತುಬಿಡುತ್ತೆ” ಎಂದು ದೂರಿದಳು. “ಮಹಾವೀರಾಚಾರ್ಯರು ಹಾಗೆ ಕೂರ್ತಿರಲಿಲ್ಲ, ಉತ್ತರ ಹೇಳ್ತಿದ್ರು” ಎಂದೆ. ಅವಳಿಗೆ ಹೊಳೆದದ್ದು ವರ್ಧಮಾನ ಮಹಾವೀರ. ಜಯಂತಿಗೆ ರಜೆ ಯಾವಾಗ ಎಂಬಲ್ಲಿಗೆ ಮಾತು ಹೊರಟುಹೋಯಿತು. ನಾನು ಮಾತ್ರ ಒಂಬತ್ತನೆಯ ಶತಮಾನದಲ್ಲೇ ಉಳಿದೆ.

ಅಮೋಘವರ್ಷ ನೃಪತುಂಗ ಎಂದರೆ ನಮ್ಮ ಬಾಯಿಗೆ ಬರುವುದು ಕವಿರಾಜಮಾರ್ಗ. ಅದೇ ದೊರೆಯನ್ನು ಹೊಗಳಿ ಆರಂಭವಾಗುವ ಇನ್ನೊಂದು ಗ್ರಂಥ, ಸುಮಾರು 850ರದ್ದು, ಸಂಸ್ಕೃತದ ಗಣಿತಸಾರಸಂಗ್ರಹ. ಬರೆದವನು ಜೈನನಾದ ಮಹಾವೀರಾಚಾರ್ಯ. 1912ರಲ್ಲಿ ಮದರಾಸಿನಲ್ಲಿ ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಅದನ್ನು ಅಚ್ಚು ಹಾಕಿಸಿದರು. ಕನ್ನಡದಲ್ಲೇ ಓದುವವರಿಗೆ 2000ದಲ್ಲಿ ಹೊಂಬುಜದಿಂದ ಬಂದ ಅನುವಾದವಿದೆ. ನಾನಂತೂ ಅವನನ್ನು ಮಳಖೇಡದ ಕಾಗಿಣಾ ದಂಡೆಯ ಮೇಲೆ ಕೂರಿಸಿಬಿಟ್ಟಿದ್ದೇನೆ. ಕಲಬುರಗಿಯಿಂದ ಸೇಡಂಗೆ ಹೋಗುವ ಬಸ್ಸಿನಲ್ಲಿ ಮಳಖೇಡ ಬಂತೆಂದರೆ ನನಗೆ ರಾಷ್ಟ್ರಕೂಟರ ಆನೆ-ಕುದುರೆಗಳಿಗಿಂತ ಮೊದಲು ನೆನಪಾಗುವುದು 139. ಅದನ್ನು 109ರಿಂದ ಗುಣಿಸಿ ನೋಡಿ, 15151. ಎಡದಿಂದ ಓದಿದರೂ ಅದೇ, ಬಲದಿಂದ ಓದಿದರೂ ಅದೇ. ಇಂಥ ಗುಣಲಬ್ಧಗಳನ್ನು ಹುಡುಕಿ ಹುಡುಕಿ ಹಾರ ಪೋಣಿಸಿಟ್ಟವನು ಆತ. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಗಮನಿಸಿ ಬರೆದಿಟ್ಟವನೂ ಹೌದು.

ಅಂಥವನು ಸೊನ್ನೆಯ ಹತ್ತಿರ ಬಂದು, ಯಾವ ಸಂಖ್ಯೆಯನ್ನೇ ಆಗಲಿ ಸೊನ್ನೆಯಿಂದ ಭಾಗಿಸಿದರೆ ಅದು ಇದ್ದಂತೆಯೇ ಇರುತ್ತದೆ ಎಂದುಬಿಟ್ಟ. ಗಣಿತದ ಇತಿಹಾಸ ಬರೆಯುವವರು ಇಲ್ಲಿ ಒಮ್ಮೆ ಕೆಮ್ಮಿ ಮುಂದೆ ಹೋಗುತ್ತಾರೆ. ನನಗೆ ಹೋಗಲು ಮನಸ್ಸಿಲ್ಲ. ಐದು ರೊಟ್ಟಿ ಇವೆ, ಪಾಲು ಕೇಳಲು ಒಬ್ಬರೂ ಬಂದಿಲ್ಲ; ರೊಟ್ಟಿ ಐದೇ ಉಳಿಯುತ್ತವಲ್ಲ? ಹಂಚುವ ಕೆಲಸವೇ ನಡೆಯಲಿಲ್ಲ, ಅದೆಂಥ ಭಾಗಾಕಾರ ಎಂದು ನೀವು ಕೇಳಬಹುದು. ಕೇಳಿ. ರೊಟ್ಟಿಯ ಲೆಕ್ಕವಂತೂ ತಪ್ಪಿಲ್ಲ.

ನಮ್ಮ ಕಾಲೇಜಿನಲ್ಲಿ ಇದೇ ಪ್ರಶ್ನೆ ಗ್ರಾಫಿನ ವೇಷದಲ್ಲಿ ಬಂತು. ಒಂದರ ಕೆಳಗೆ ಎಕ್ಸ್. ಲೆಕ್ಚರರು ಬಲಗಡೆಯಿಂದ ಸೀಮೆಸುಣ್ಣ ಎಳೆದುಕೊಂಡು ಬಂದರು: ಎಕ್ಸ್ ಅರ್ಧವಾದರೆ ಬೆಲೆ 2, ನೂರರಲ್ಲೊಂದಾದರೆ 100. ಗೆರೆ ಬೋರ್ಡಿನ ಚೌಕಟ್ಟು ದಾಟಿ ಗೋಡೆ ಹತ್ತಿತು. ಎಡಗಡೆಯಿಂದ ಬಂದದ್ದು ಅಷ್ಟೇ ರಭಸದಲ್ಲಿ ನೆಲಕ್ಕಿಳಿಯಿತು. ನಡುವೆ ನೆಟ್ಟಗೆ ನಿಂತ ಗೆರೆಯೇ ಅಸಿಂಪ್ಟೋಟ್. ಎರಡೂ ಅದರ ಸಮೀಪಕ್ಕೆ ಸರಿಯುತ್ತಲೇ ಇರುತ್ತವೆ, ಮುಟ್ಟುವುದಿಲ್ಲ. ಮಹಾವೀರನ ಮಾತು ಕೇಳಿದರೆ ಆ ನೆಟ್ಟಗೆರೆಯ ಮೇಲೆ, 1ರ ಎತ್ತರದಲ್ಲಿ, ಒಂದೇ ಒಂದು ಚುಕ್ಕಿ ಬೀಳಬೇಕು. ಮೇಲೆ ಹಾರಿದ್ದಕ್ಕೂ ಕೆಳಗೆ ಬಿದ್ದದ್ದಕ್ಕೂ ಸಂಬಂಧವಿಲ್ಲದ ಒಂಟಿ ಚುಕ್ಕಿ.

ಉಳಿದ ಆಚಾರ್ಯರೂ ಸುಮ್ಮನಿರಲಿಲ್ಲ. 628ರಲ್ಲೇ ಬ್ರಹ್ಮಗುಪ್ತ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದಿದ್ದ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯ, ಸೊನ್ನೆ ಛೇದವಾದ ರಾಶಿಗೆ ಖಹರವೆಂದು ಹೆಸರಿಟ್ಟು, ಅದು ಅನಂತ, ಏನು ಕೂಡಿದರೂ ಕಳೆದರೂ ಅದಕ್ಕೆ ವಿಕಾರವಿಲ್ಲ ಎಂದ. ಚಪ್ಪಾಳೆಯೆಲ್ಲ ಅವನಿಗೇ. ತಟ್ಟಲಿ, ಆದರೆ ಆ ಅನಂತ ಬಲಗಡೆಯ ಗೆರೆಗಷ್ಟೇ ಹೊಂದುತ್ತದೆ. ಪಾತಾಳಕ್ಕಿಳಿದ ಎಡಗಡೆಯದನ್ನು ಕೇಳುವವರಿಲ್ಲ. ನಾನು ಭಾಸ್ಕರನಿಗೆ ಕೈಮುಗಿಯುವುದು ಲೀಲಾವತಿಯ ಒಂದು ಲೆಕ್ಕಕ್ಕೆ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ, ಬಂದದ್ದಕ್ಕೆ ಅದರ ಅರ್ಧ ಸೇರಿಸಿ, 3ರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದರೆ 63, ಸಂಖ್ಯೆ ಯಾವುದು? ಮೊದಲ ಹೆಜ್ಜೆಯಲ್ಲೇ ಎಲ್ಲವೂ ಸೊನ್ನೆಯಾಯಿತೆಂದು ಅಳಿಸಿಬಿಟ್ಟರೆ ಕೆಟ್ಟೆವು. ಮುಂದೆ ಕ್ರಿಯೆ ಬಾಕಿ ಇದ್ದರೆ ಸೊನ್ನೆಯನ್ನು ಹಾಗೇ ಜೊತೆಯಲ್ಲಿಟ್ಟುಕೊಂಡು ಹೋಗು ಎಂಬುದು ಅವನ ಸೂಚನೆ. ಕೊನೆಗೆ ಮೇಲಿನ ಸೊನ್ನೆಯೂ ಕೆಳಗಿನ ಸೊನ್ನೆಯೂ ಹೊಡೆದುಹೋಗಿ 14 ಉಳಿಯುತ್ತದೆ. ಲಿಮಿಟ್ಟಿನ ಹೊಸಿಲವರೆಗೆ ಬಂದ ಲೆಕ್ಕ ಇದು.

ಹೊಸಿಲು ದಾಟುವ ಹೊತ್ತಿಗೆ ಯುರೋಪು. 1821ರಲ್ಲಿ ಪ್ಯಾರಿಸ್ಸಿನ ಕೋಶಿ ತನ್ನ ಪಠ್ಯಪುಸ್ತಕದಲ್ಲಿ ಲಿಮಿಟ್ಟನ್ನು ಅಡಿಪಾಯಕ್ಕೆ ಹಾಕಿದ. ಆ ಜಾಗದಲ್ಲಿ ಏನಾಗುತ್ತದೆಂದು ಕೇಳಬೇಡ, ಹತ್ತಿರವಾಗುತ್ತ ಹೋದಂತೆ ಬೆಲೆ ಎತ್ತ ಸಾಗುತ್ತದೆ ನೋಡು. ಎಕ್ಸ್ ವರ್ಗದಿಂದ 9 ಕಳೆದು, ಎಕ್ಸ್ ಮೈನಸ್ 3ರಿಂದ ಭಾಗಿಸು ಎನ್ನುತ್ತದೆ ನಮ್ಮ ಹುಡುಗಿಯ ಪುಸ್ತಕ. 3ರಲ್ಲಿ ಮೇಲೂ ಸೊನ್ನೆ, ಕೆಳಗೂ ಸೊನ್ನೆ. ಆದರೆ 2.9ರಲ್ಲಿ 5.9, 3.01ರಲ್ಲಿ 6.01, ಎರಡು ಕಡೆಯಿಂದಲೂ ನಡಿಗೆ 6ರತ್ತ. ನೇರಗೆರೆಯಲ್ಲಿ ಒಂದು ತೂತು, ಅಷ್ಟೇ. 6ರಲ್ಲಿ ಚುಕ್ಕಿ ಇಟ್ಟರೆ ಗೆರೆ ಕಂಟಿನ್ಯುಯಸ್. ಬ್ರಹ್ಮಗುಪ್ತನನ್ನೂ ಮಹಾವೀರನನ್ನೂ ಕರೆದರೆ ಇಬ್ಬರೂ ಆರು ಚೌಕ ಕೆಳಗೆ, ಸೊನ್ನೆಯಲ್ಲಿ ಚುಕ್ಕಿ ಇಟ್ಟು ಎದ್ದು ಹೋಗುತ್ತಾರೆ. ಇಲ್ಲಿ ನಮ್ಮವನ ಪರ ನಾನು ವಕಾಲತ್ತು ಹಾಕಲಾರೆ.

ಒಂದರ ಕೆಳಗೆ ಎಕ್ಸ್ ಬಂದಾಗ ಹಾಕುತ್ತೇನೆ. ಅಲ್ಲಿ ಒಂದು ಕಡೆ ಆಕಾಶ, ಇನ್ನೊಂದು ಕಡೆ ಪಾತಾಳ. ಎಲ್ಲಿ ಚುಕ್ಕಿ ಇಟ್ಟರೂ ಗೆರೆ ಕೂಡುವುದಿಲ್ಲ. ಸೊನ್ನೆಯಲ್ಲಿಟ್ಟರೂ ಇಲ್ಲ, ಕೋಟಿಯ ಎತ್ತರಕ್ಕೆ ಏಣಿ ಹಾಕಿ ಇಟ್ಟರೂ ಇಲ್ಲ. ಯಾವ ಚುಕ್ಕಿಯೂ ಉಪಯೋಗಕ್ಕೆ ಬಾರದ ಜಾಗದಲ್ಲಿ ಮಳಖೇಡದವನ 1 ಕೂತಿದ್ದರೆ ಯಾರ ಗಂಟೇನು ಹೋಯಿತು?